ಮಾಪುಸಾದಲ್ಲಿ ಖಾಲಿ ಮನೆ, ಪುಣೆಯಲ್ಲಿ ನಾವು: ವೆಬ್‌ಕ್ಯಾಮ್ ಹೊರಗಿನಿಂದ ನೋಡುವುದು ಹೇಗೆ?

ಕೊಥ್ರೂಡ್ ಕಟ್ಟೆ

ಎಲ್ಲರಿಗೂ ನಮಸ್ಕಾರ. ಗೋವಾದ ಮಾಪುಸಾ ಹತ್ತಿರ ಅಪ್ಪ ಕಟ್ಟಿಸಿದ ಹಂಚಿನ ಮನೆ ಇದೆ. ನಾವಿರುವುದು ಪುಣೆಯಲ್ಲಿ. ವರ್ಷದಲ್ಲಿ ಜಾಸ್ತಿ ದಿನ ಅಲ್ಲಿ ಬೀಗವೇ. ವಾರಕ್ಕೊಮ್ಮೆ ಒಬ್ಬ ಅಕ್ಕ ಬಂದು ಗುಡಿಸಿ, ಗಿಡಗಳಿಗೆ ನೀರು ಹಾಕಿ ಹೋಗುತ್ತಾರೆ. ಮಳೆಗಾಲದಲ್ಲಿ ಒಂದು ಹಂಚು ಜಾರಿದರೆ ಸಾಕು, ನೀರು ಗೋಡೆಗೆ ಇಳಿದು ನಮಗೆ ಗೊತ್ತಾಗುವಷ್ಟರಲ್ಲಿ ಅಟ್ಟದ ಮರ ಹಾಳಾಗಿರುತ್ತದೆ.

ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿ, ಎರಡು ಯುಎಸ್‌ಬಿ ವೆಬ್‌ಕ್ಯಾಮ್ ಚುಚ್ಚಿ, ಏನಾದರೂ ಅಲುಗಿದರೆ ರೆಕಾರ್ಡ್ ಮಾಡುವ ಮೋಷನ್ ಅನ್ನುವ ಸಾಫ್ಟ್‌ವೇರ್ ಓಡಿಸಿದ್ದೇನೆ. ಒಂದು ಕ್ಯಾಮೆರಾ ಹಾಲ್‌ನ ಮಾಡಿನ ಕಡೆ, ಇನ್ನೊಂದು ಕಿಟಕಿಯಿಂದ ಗೇಟಿನ ಕಡೆ. ಮನೆಯ ವೈಫೈನಲ್ಲಿ ಫೋನಿನಿಂದ 8081 ಪೋರ್ಟಿಗೆ (ಯಂತ್ರದ ನಂಬರ್ ಇರುವ ಬಾಗಿಲು ಅಂದುಕೊಳ್ಳಿ) ಹೋದರೆ ಚಿತ್ರ ಚೆನ್ನಾಗಿ ಬರುತ್ತದೆ. ರೂಟರಿನಲ್ಲಿ ಅದೇ ಪೋರ್ಟನ್ನು ಲ್ಯಾಪ್‌ಟಾಪಿಗೆ ಫಾರ್ವರ್ಡ್ ಮಾಡಿ (ಹೊರಗಿನಿಂದ ಬಂದದ್ದನ್ನು ಅದಕ್ಕೆ ಕಳಿಸುವ ಹಾಗೆ), ಬದಲಾಗುವ ಐಪಿ ವಿಳಾಸಕ್ಕೆ ಖಾಯಂ ಹೆಸರು ಕೊಡುವ ಡಕ್‌ಡಿಎನ್‌ಎಸ್‌ನಲ್ಲಿ ಒಂದು ಹೆಸರನ್ನೂ ತಗೊಂಡಿದ್ದೇನೆ. ಮೊಬೈಲ್ ಡೇಟಾದಲ್ಲಿ ನೋಡಿದರೆ ಏನೂ ಇಲ್ಲ, ಸುಮ್ನೆ ಚಕ್ರ ತಿರುಗುತ್ತಾ ಇರುತ್ತದೆ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ.

ಯಾಕೆ ಬರುತ್ತಿಲ್ಲ? ಬಂದರೆ ಸುರಕ್ಷಿತ ಹೌದಾ? ತಿಂಗಳ ಬಾಡಿಗೆ ಕೊಟ್ಟು ಯಾರದೋ ಕ್ಲೌಡಿನಲ್ಲಿ ಮನೆಯ ಒಳಗಿನ ಚಿತ್ರ ಇಡಲು ಮನಸ್ಸಿಲ್ಲ.


ಡೊಂಬಿವಲಿ ಫಾಸ್ಟ್

ರೂಟರಿನ ಪುಟದಲ್ಲಿ ವ್ಯಾನ್ ಐಪಿ ಅಂತ ಒಂದು ಸಾಲು ಇರುತ್ತದೆ, ಅಂದರೆ ಕಂಪನಿ ನಿಮ್ಮ ರೂಟರಿಗೆ ಕೊಟ್ಟ ವಿಳಾಸ. ಮೊದಲು ಅದನ್ನು ನೋಡಿ. 100.64 ರಿಂದ 100.127 ರ ನಡುವೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಐಪಿವಿ4, ಅಂದರೆ ಇಂಟರ್ನೆಟ್ಟಿನ ಹಳೇ ಬಗೆಯ ವಿಳಾಸಗಳು ಸಾಲುತ್ತಿಲ್ಲ ಅಂತ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತವೆ. ಈ 100.64 ರ ಸಾಲನ್ನು 2012ರಲ್ಲಿ ಇದಕ್ಕೆಂದೇ ಎತ್ತಿಟ್ಟಿದ್ದಾರೆ. ನಿಮ್ಮ ರೂಟರಿನಲ್ಲಿ ಎಷ್ಟು ಬಾಗಿಲು ತೆರೆದರೂ ಅದರ ಮೇಲೆ ಕೂತಿರುವ ಕಂಪನಿಯ ರೂಟರಿಗೆ ಆ ವಿಷಯವೇ ಗೊತ್ತಿಲ್ಲ. ಡಕ್‌ಡಿಎನ್‌ಎಸ್ ತೋರಿಸುವ ವಿಳಾಸ ನಿಮ್ಮೊಬ್ಬರದಲ್ಲ, ಇಡೀ ಓಣಿಯದ್ದು.

ಹಾಗೆ ಬಾರದೇ ಇದ್ದದ್ದೇ ಒಳ್ಳೆಯದಾಯಿತು ಅನ್ನುತ್ತೇನೆ ನಾನು. ಆ ಫಾರ್ವರ್ಡ್ ನಿಯಮವನ್ನು ಈಗಲೇ ಅಳಿಸಿ. ಇವತ್ತು ಸಿಜಿನ್ಯಾಟ್ ಇದೆ, ಅದು ನಿಮ್ಮನ್ನು ಕಾಯುತ್ತಿದೆ. ನಾಳೆ ಯಾವುದೋ ಕಾರಣಕ್ಕೆ ನಿಮಗೊಬ್ಬರಿಗೇ ಸೇರಿದ ಸ್ಥಿರ ಐಪಿ ತಗೊಂಡರೆ ಮರೆತುಹೋದ ಆ ನಿಯಮ ತಾನಾಗಿ ಜೀವ ತಗೊಳ್ಳುತ್ತದೆ. ಯುಪಿಎನ್‌ಪಿ ಕೂಡ ಆಫ್ ಮಾಡಿ. ಅದು ಆನ್ ಇದ್ದರೆ ಮನೆಯೊಳಗಿನ ಯಾವ ಡಬ್ಬಿ ಬೇಕಾದರೂ ನಿಮ್ಮನ್ನು ಕೇಳದೆ ರೂಟರಿನಲ್ಲಿ ಪೋರ್ಟ್ ತೆರೆಸಿಕೊಳ್ಳಬಹುದು.


ಮಾಟುಂಗಾ ಮಾರಾಯ

ಇಷ್ಟೆಲ್ಲ ಯಾಕೆ ಮಾರಾಯ್ರೆ? ಸ್ಥಿರ ಐಪಿ ತಗೊಳ್ಳಿ, 8081 ಬದಲು ಯಾರೂ ಊಹಿಸದ 47 ಸಾವಿರದ ಯಾವುದೋ ಪೋರ್ಟ್ ಇಡಿ, ಒಂದು ಗಟ್ಟಿ ಪಾಸ್‌ವರ್ಡ್ ಹಾಕಿ. ಮುಗೀತು. ನಿಮ್ಮ ಹಂಚು ಜಾರಿದೆಯೋ ಇಲ್ಲವೋ ಅಂತ ನೋಡಲು ರಷ್ಯಾದಿಂದ ಯಾರು ಬರ್ತಾರೆ?


ಡೊಂಬಿವಲಿ ಫಾಸ್ಟ್

ಮನುಷ್ಯರು ಯಾರೂ ಬರಲ್ಲ, ಸ್ಕ್ರಿಪ್ಟ್ ಬರುತ್ತದೆ. ಅದಕ್ಕೆ ನಿಮ್ಮ ಹಂಚಿನ ಮೇಲೆ ಆಸಕ್ತಿಯೂ ಇಲ್ಲ. ಅದಕ್ಕೆ ಬೇಕಾದದ್ದು ದಿನವಿಡೀ ಆನ್ ಇರುವ ಒಂದು ಕಂಪ್ಯೂಟರ್ ಮತ್ತು ಅದರ ಇಂಟರ್ನೆಟ್.

2013ರಲ್ಲೇ ಮಿಶಿಗನ್ ವಿಶ್ವವಿದ್ಯಾಲಯದವರು ಜೀಮ್ಯಾಪ್ ಅನ್ನುವ ಸಾಧನ ಬಿಟ್ಟರು. ಒಂದು ಗಿಗಾಬಿಟ್ ಸಂಪರ್ಕ ಇದ್ದರೆ ಒಂದೇ ಯಂತ್ರದಿಂದ ಇಡೀ ಐಪಿವಿ4 ಜಗತ್ತಿನಲ್ಲಿ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡಬಹುದು ಅಂತ ತೋರಿಸಿದರು. ಶೋಡಾನ್ ಅನ್ನುವ ಹುಡುಕುತಾಣ 2009ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ಯಾವ ಐಪಿಯಲ್ಲಿ ಯಾವ ಪೋರ್ಟ್ ತೆರೆದಿದೆ, ಅಲ್ಲಿ ಏನು ಓಡುತ್ತಿದೆ, ಕ್ಯಾಮೆರಾ ಆದರೆ ಕೆಲವೊಮ್ಮೆ ಅದರ ಒಂದು ಚಿತ್ರವನ್ನೂ ಹಿಡಿದಿಟ್ಟಿರುತ್ತದೆ. ಪೋರ್ಟ್ ನಂಬರ್ ಬದಲಾಯಿಸಿದರೆ ಲಾಗ್ ಫೈಲಿನಲ್ಲಿ ಗದ್ದಲ ಕಡಿಮೆಯಾಗುತ್ತದೆ, ಅಷ್ಟೇ ಲಾಭ.

2016ರ ಮಿರಾಯ್ ಅನ್ನುವ ಮಾಲ್‌ವೇರ್ ನೆನಪಿದೆಯಾ? 60ಕ್ಕಿಂತ ಸ್ವಲ್ಪ ಹೆಚ್ಚು ಡೀಫಾಲ್ಟ್ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ ಅದರ ಬಂಡವಾಳ. ಅದನ್ನಿಟ್ಟುಕೊಂಡು ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರುಗಳ ಒಳಗೆ ನುಗ್ಗಿತು. ಆ ವರ್ಷ ಅಕ್ಟೋಬರ್ 21ರಂದು ಅವೆಲ್ಲ ಒಟ್ಟಿಗೆ ತಾಣದ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಬಿದ್ದವು. ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಷ್ಟೋ ಜನರಿಗೆ ತೆರೆಯಲೇ ಇಲ್ಲ. ಆ ಕ್ಯಾಮೆರಾಗಳ ಮಾಲೀಕರು ಕೂಡ ನಮ್ಮನ್ನು ನೋಡಲು ಯಾರು ಬರ್ತಾರೆ ಅಂತಲೇ ಅಂದುಕೊಂಡಿದ್ದರು.

ಪಾಸ್‌ವರ್ಡ್ ವಿಷಯ. ಮೋಷನ್‌ನ ಸ್ಟ್ರೀಮಿಗೆ ಬೇಸಿಕ್ ಪಾಸ್‌ವರ್ಡ್ ಹಾಕಬಹುದು, ಹೌದು. ಆದರೆ ದಾರಿಯಲ್ಲಿ ಹೋಗುವುದನ್ನು ಗುಟ್ಟಾಗಿಡುವ ಎಚ್‌ಟಿಟಿಪಿಎಸ್ ಇಲ್ಲದೆ ಹಾಕಿದರೆ ಅದು ಬೇಸ್64ರಲ್ಲಿ ಹೋಗುತ್ತದೆ. ಅದು ಬೀಗವೇ ಅಲ್ಲ, ಅಕ್ಷರ ಬದಲಿಸಿ ಬರೆದ ಹಾಗೆ. ದಾರಿಯಲ್ಲಿ ಯಾರು ಬೇಕಾದರೂ ಬಿಡಿಸಿ ಓದಬಹುದು. ಹೋಟೆಲಿನ ವೈಫೈನಲ್ಲಿ ಕೂತು ಕ್ಯಾಮೆರಾ ತೆರೆದರೆ ಪಾಸ್‌ವರ್ಡೂ ಚಿತ್ರವೂ ಎರಡೂ ಬಯಲು.


ಮಾಟುಂಗಾ ಮಾರಾಯ

ಸರಿ ಸರಿ, ಒಪ್ಪಿದೆ. ಎಚ್‌ಟಿಟಿಪಿಎಸ್ ಹಾಕಿದರೆ ಆಯ್ತಲ್ಲ? ಅದಕ್ಕೆ ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡ್ತದೆ.


ಹಿಂಜವಡಿ ನೈಟ್‌ಶಿಫ್ಟ್

ದಾರಿಯಲ್ಲಿ ಕದ್ದು ನೋಡುವವರನ್ನು ಎಚ್‌ಟಿಟಿಪಿಎಸ್ ತಡೆಯುತ್ತದೆ, ಬಾಗಿಲು ತಟ್ಟುವವರನ್ನಲ್ಲ. ಇನ್ನೊಂದು ವಿಷಯ ಬಹಳ ಜನ ಗಮನಿಸಿರಲ್ಲ. ಸರ್ಟಿಫಿಕೇಟ್ ಕೊಟ್ಟ ಕೂಡಲೇ ಆ ಹೆಸರು ಎಲ್ಲರೂ ಓದಬಹುದಾದ ಲಾಗಿಗೆ ಹೋಗುತ್ತದೆ. ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಅಂತ ಅದಕ್ಕೆ. ಮೋಸದ ಸರ್ಟಿಫಿಕೇಟ್ ಹಿಡಿಯಲು ಮಾಡಿದ ಒಳ್ಳೆಯ ವ್ಯವಸ್ಥೆಯೇ. ಆದರೆ ಸ್ಕ್ಯಾನ್ ಮಾಡುವವರೂ ಆ ಲಾಗಿನ ಮೇಲೇ ಕಣ್ಣಿಟ್ಟಿರುತ್ತಾರೆ. ಕ್ಯಾಮ್ ಡಾಟ್ ಯಾವುದೋ ಡಾಟ್ ಇನ್ ಅಂತ ಹೆಸರಿಗೆ ಸರ್ಟಿಫಿಕೇಟ್ ತಗೊಂಡರೆ ಇಲ್ಲಿ ಹೊಸ ಕ್ಯಾಮೆರಾ ಇದೆ ಅಂತ ಡಂಗುರ ಸಾರಿದ ಹಾಗಾಯಿತು.

ಕಟ್ಟೆಯವರೇ, ನಿಮಗೆ ಸಿಜಿನ್ಯಾಟ್ ಇರುವುದರಿಂದ ಹೊರಗಿನಿಂದ ಒಳಗೆ ಬರುವ ದಾರಿ ಮರೆತುಬಿಡಿ. ಒಳಗಿನಿಂದ ಹೊರಗೆ ಹೋಗಿ ಅಲ್ಲಿ ಕಾಯುವ ದಾರಿ ಮೂರಿವೆ. ಕ್ಲೌಡ್‌ಫ್ಲೇರ್ ಟನಲ್, ಟೈಲ್‌ಸ್ಕೇಲ್, ಇಲ್ಲವೇ ಬಾಡಿಗೆ ಸರ್ವರ್ ತಗೊಂಡು ನೀವೇ ಕಟ್ಟುವ ವೈರ್‌ಗಾರ್ಡ್ ಅನ್ನುವ ವಿಪಿಎನ್ (ಗುಟ್ಟಿನ ಸುರಂಗ). ನನ್ನ ಓಟು ಮೂರನೆಯದಕ್ಕೆ.


ಡೊಂಬಿವಲಿ ಫಾಸ್ಟ್

ಇವರಿಗೆ ನನ್ನ ಓಟು ಟೈಲ್‌ಸ್ಕೇಲಿಗೆ. ಜಗಳ ಆಮೇಲೆ ಆಡೋಣ, ಮೊದಲು ಕ್ಲೌಡ್‌ಫ್ಲೇರ್ ಟನಲ್ ಯಾಕೆ ಬೇಡ ಅಂತ ಹೇಳುತ್ತೇನೆ. ಅದು ಕೆಟ್ಟದ್ದಲ್ಲ. ಆದರೆ ಅದರ ಸಾಮಾನ್ಯ ಉಪಯೋಗ ಮನೆಯೊಳಗಿನ ಒಂದು ಪುಟವನ್ನು ಸಾರ್ವಜನಿಕ ಹೆಸರಿನಲ್ಲಿ ಹೊರಗಿಡುವುದು. ಮುಂದೆ ಆಕ್ಸೆಸ್ ಅನ್ನುವ ಲಾಗಿನ್ ನಿಲ್ಲಿಸದಿದ್ದರೆ ಲೋಕಕ್ಕೆಲ್ಲ ತೆರೆದ ಹಾಗೆಯೇ. ಎನ್‌ಕ್ರಿಪ್ಷನ್ ಅವರ ಸರ್ವರಿನಲ್ಲಿ ಬಿಚ್ಚಿ ಮತ್ತೆ ಕಟ್ಟಲ್ಪಡುತ್ತದೆ, ಅಂದರೆ ಚಿತ್ರ ಅವರ ಕೈಯಲ್ಲಿ ಒಂದು ಕ್ಷಣ ಬಿಚ್ಚಿಯೇ ಇರುತ್ತದೆ. ಬಿಡದೆ ವಿಡಿಯೊ ಹರಿಸಿದರೆ ಪುಕ್ಕಟೆ ಪ್ಲಾನಿನ ಷರತ್ತುಗಳನ್ನೂ ಓದಬೇಕಾಗುತ್ತದೆ.

ನಿಮಗೆ ಬೇಕಿರುವುದು ಕ್ಯಾಮೆರಾವನ್ನು ಹೊರಗೆ ತರುವುದಲ್ಲ, ನೀವು ಮನೆಯ ನೆಟ್‌ವರ್ಕ್ ಒಳಗೆ ಹೋಗುವುದು. ಒಳಗೆ ಹೋದ ಮೇಲೆ ವೈಫೈನಲ್ಲಿ ಕೂತು ನೋಡಿದ ಹಾಗೆಯೇ. ವಿಪಿಎನ್ ಅಂದರೆ ಇದೇ, ಜಾಹೀರಾತಿನಲ್ಲಿ ತೋರಿಸುವುದು ಬೇರೆ ವ್ಯಾಪಾರ.

ಟೈಲ್‌ಸ್ಕೇಲ್ ಒಳಗೆ ಓಡುವುದೂ ವೈರ್‌ಗಾರ್ಡೇ. ಲ್ಯಾಪ್‌ಟಾಪಿಗೂ ಫೋನಿಗೂ ಹಾಕಿ, ಒಂದೇ ಖಾತೆಯಿಂದ ಲಾಗಿನ್ ಆಗಿ. ಸಿಜಿನ್ಯಾಟ್ ಇದ್ದರೂ ಎರಡೂ ಕಡೆಯವರು ಹೊರಗೆ ಬಂದು ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ. ನೇರ ದಾರಿ ಸಿಗದಿದ್ದರೆ ಅವರ ರಿಲೇ ಸರ್ವರ್ ಮೂಲಕ ಹೋಗುತ್ತದೆ. ಆಗ ನಿಧಾನ ಆಗಬಹುದು, ಆದರೆ ಕೀಲಿ ನಿಮ್ಮ ಎರಡು ಸಾಧನಗಳಲ್ಲೇ ಇರುವುದರಿಂದ ರಿಲೇಯಲ್ಲಿ ಕೂತವರಿಗೆ ಏನೂ ಕಾಣುವುದಿಲ್ಲ.

ಮೋಷನ್‌ನ ಕಾನ್ಫಿಗ್‌ನಲ್ಲಿ ಸ್ಟ್ರೀಮ್ ಲೋಕಲ್‌ಹೋಸ್ಟ್ ಅಂತ ಒಂದು ಸಾಲಿದೆ. ಡೀಫಾಲ್ಟ್ ಆಗಿ ಅದು ಆನ್. ನೀವು ವೈಫೈನಲ್ಲಿ ನೋಡಲು ಅದನ್ನು ಆಫ್ ಮಾಡಿರುತ್ತೀರಿ, ಅಲ್ವಾ? ತಿರುಗಿ ಆನ್ ಮಾಡಿ. 8080ರಲ್ಲಿರುವ ವೆಬ್ ಕಂಟ್ರೋಲಿಗೂ ಹಾಗೇ. ಅಲ್ಲಿಂದ ಸೆಟ್ಟಿಂಗ್ ಬದಲಾಯಿಸಬಹುದು, ಅದಂತೂ ಹೊರಗೆ ಕಾಣಲೇಬಾರದು. ಈಗ ಲ್ಯಾಪ್‌ಟಾಪ್ ಬಿಟ್ಟು ಬೇರೆ ಯಾರಿಗೂ ಸ್ಟ್ರೀಮ್ ಇಲ್ಲ. ಆಮೇಲೆ ಟೈಲ್‌ಸ್ಕೇಲ್‌ನ ಸರ್ವ್ ಅನ್ನುವ ಸೌಲಭ್ಯಕ್ಕೆ 8081 ತೋರಿಸಿ. ನಿಮ್ಮ ಸಾಧನಗಳಿಗೆ ಮಾತ್ರ, ಎಚ್‌ಟಿಟಿಪಿಎಸ್ ಸಮೇತ ಸಿಗುತ್ತದೆ. ಪಕ್ಕದಲ್ಲೇ ಫನೆಲ್ ಅಂತ ಇನ್ನೊಂದಿದೆ, ಅದು ಇಡೀ ಇಂಟರ್ನೆಟ್ಟಿಗೆ ತೆರೆಯುತ್ತದೆ. ಅದರ ತಂಟೆಗೆ ಹೋಗಬೇಡಿ.

ಆ ಸರ್ಟಿಫಿಕೇಟಿನ ಹೆಸರೂ ನೈಟ್‌ಶಿಫ್ಟ್ ಹೇಳಿದ ಲಾಗಿಗೇ ಹೋಗುತ್ತದೆ. ಹಾಗಾಗಿ ಲ್ಯಾಪ್‌ಟಾಪಿಗೆ ಮಾಪುಸಾ ಖಾಲಿ ಮನೆ ಅಂತ ಹೆಸರಿಡಬೇಡಿ ದಯವಿಟ್ಟು. ಹೂವಿನ ಹೆಸರೋ ತಿಂಡಿಯ ಹೆಸರೋ ಇಡಿ. ನನ್ನ ಸರ್ವರ್ ಹೆಸರು ಪಡ್ಡು.


ಹಿಂಜವಡಿ ನೈಟ್‌ಶಿಫ್ಟ್

ಪಡ್ಡು 😀

ಟೈಲ್‌ಸ್ಕೇಲ್ ಸುಲಭ, ಒಪ್ಪುತ್ತೇನೆ. ನನ್ನ ತಕರಾರು ಒಂದೇ. ಯಾರು ಒಳಗೆ ಬರಬಹುದು ಅಂತ ಹೇಳುವ ಅಧಿಕಾರ ಅವರ ಸರ್ವರಿನಲ್ಲಿದೆ, ಮತ್ತು ನೀವು ಲಾಗಿನ್ ಆಗುವುದು ಗೂಗಲ್ ಅಥವಾ ಅಂಥದೇ ಖಾತೆಯಿಂದ. ಆ ಮೇಲ್ ಖಾತೆ ಹೋದರೆ ಮನೆಯ ಬಾಗಿಲೂ ಹೋಯಿತು. ಕನಿಷ್ಠ ಅದಕ್ಕೆ ಎರಡು ಹಂತದ ಲಾಗಿನ್ ಹಾಕಿ, ಎಸ್‌ಎಂಎಸ್ ಓಟಿಪಿ ಅಲ್ಲ, ಆ್ಯಪ್ ಅಥವಾ ಪಾಸ್‌ಕೀ.

ನನ್ನ ದಾರಿ ಹೀಗೆ. ಮುಂಬೈ ಡೇಟಾಸೆಂಟರಿನಲ್ಲಿ ಅತಿ ಚಿಕ್ಕ ಬಾಡಿಗೆ ಸರ್ವರ್. ಅದರಲ್ಲಿ ತೆರೆದಿರುವುದು ವೈರ್‌ಗಾರ್ಡ್‌ನ 51820 ಯುಡಿಪಿ ಪೋರ್ಟ್ ಒಂದೇ. ಮನೆಯ ಯಂತ್ರ ಅದಕ್ಕೆ ಸಂಪರ್ಕ ಮಾಡಿ, 25 ಸೆಕೆಂಡಿಗೊಮ್ಮೆ ಒಂದು ಚಿಕ್ಕ ಪ್ಯಾಕೆಟ್ ಕಳಿಸಿ ದಾರಿಯನ್ನು ಎಚ್ಚರವಾಗಿಡುತ್ತದೆ. ಪರ್ಸಿಸ್ಟೆಂಟ್ ಕೀಪ್‌ಅಲೈವ್ ಅಂತ ಆ ಸಾಲು. ಅದು ಇಲ್ಲದಿದ್ದರೆ ಸಿಜಿನ್ಯಾಟ್ ಸ್ವಲ್ಪ ಹೊತ್ತಿಗೇ ನಿಮ್ಮನ್ನು ಮರೆತುಬಿಡುತ್ತದೆ. ಫೋನೂ ಅದೇ ಸರ್ವರಿಗೆ ಬರುತ್ತದೆ.

ವೈರ್‌ಗಾರ್ಡಿನಲ್ಲಿ ನನಗೆ ಇಷ್ಟವಾದದ್ದು ಅದರ ಮೌನ. ಸರಿಯಾದ ಕೀಲಿ ಇಲ್ಲದೆ ತಟ್ಟಿದವರಿಗೆ ಇಲ್ಲ ಅಂತಲೂ ಹೇಳುವುದಿಲ್ಲ, ಉತ್ತರವೇ ಕೊಡುವುದಿಲ್ಲ. ಸ್ಕ್ಯಾನ್ ಮಾಡಿದವರಿಗೆ ಅಲ್ಲಿ ಏನೋ ಇದೆ ಅಂತಲೇ ಗೊತ್ತಾಗಲ್ಲ. 2020ರಲ್ಲಿ ಲಿನಕ್ಸ್ 5.6ರ ಕರ್ನೆಲ್ (ತಿರುಳು) ಒಳಗೇ ಸೇರಿತು, ಹೊಸದಾಗಿ ಏನೂ ಕಂಪೈಲ್ ಮಾಡುವ ಗೋಜಿಲ್ಲ.


ಕೊಥ್ರೂಡ್ ಕಟ್ಟೆ

ವ್ಯಾನ್ ಐಪಿ ನೋಡಿದೆ, 100.7x ರಲ್ಲೇ ಇದೆ. ಡೊಂಬಿವಲಿಯವರು ಹೇಳಿದ್ದು ಸರಿ. ಬಾಡಿಗೆ ಸರ್ವರ್ ನೋಡಿಕೊಳ್ಳುವಷ್ಟು ಪುರುಸೊತ್ತು ನನಗಿಲ್ಲ, ಅದನ್ನೂ ಅಪ್‌ಡೇಟ್ ಮಾಡುತ್ತಾ ಇರಬೇಕಲ್ಲ. ಟೈಲ್‌ಸ್ಕೇಲಿನಿಂದ ಶುರುಮಾಡುತ್ತೇನೆ.

ಒಂದು ಸಂದೇಹ. ಇದೇ ಕಂಪನಿ ಹೊಸ ಬಗೆಯ ಐಪಿವಿ6 ವಿಳಾಸವನ್ನೂ ಕೊಟ್ಟಿದೆ. ಅದರಲ್ಲಿ ನ್ಯಾಟ್, ಅಂದರೆ ಒಂದೇ ವಿಳಾಸ ಹಂಚುವುದು, ಇರಲ್ಲ ಅಂತಾರೆ. ಹಾಗಾದರೆ ಆ ದಾರಿಯಿಂದ ಯಾರಾದರೂ ಬರಬಹುದಾ?


ಡೊಂಬಿವಲಿ ಫಾಸ್ಟ್

ಒಳ್ಳೆ ಪ್ರಶ್ನೆ. ಬರಬಹುದು. ಐಪಿವಿ6ರಲ್ಲಿ ಪ್ರತಿ ಸಾಧನಕ್ಕೂ ಸಾರ್ವಜನಿಕ ವಿಳಾಸ, ನಡುವೆ ನಿಂತು ತಡೆಯುವುದು ರೂಟರಿನ ಫೈರ್‌ವಾಲ್ ಮಾತ್ರ. ಅದು ಆನ್ ಇದೆಯಾ ಅಂತ ನೋಡಿ, ಮೇಲಾಗಿ ಲ್ಯಾಪ್‌ಟಾಪಿನಲ್ಲೇ ಯುಎಫ್‌ಡಬ್ಲ್ಯೂ ಅನ್ನುವ ಫೈರ್‌ವಾಲ್ ಹಾಕಿ, ಒಳಬರುವುದನ್ನೆಲ್ಲ ಮುಚ್ಚಿ, ಟೈಲ್‌ಸ್ಕೇಲ್ ಇಂಟರ್‌ಫೇಸಿಗೆ ಮಾತ್ರ ಬಿಡಿ. ಆ ವಿಳಾಸಗಳು ಅಷ್ಟೊಂದಿವೆ ಅಂತ ಇಡೀ ಐಪಿವಿ6 ಅನ್ನು ಸ್ಕ್ಯಾನ್ ಮಾಡಲು ಆಗಲ್ಲ, ನಿಜ. ಆದರೆ ಆ ಧೈರ್ಯದ ಮೇಲೆ ಮಲಗಬೇಡಿ.

ದೂರದಿಂದ ಲ್ಯಾಪ್‌ಟಾಪಿಗೆ ಆದೇಶ ಕೊಡುವ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ, ಕೀಲಿ ಮಾತ್ರ ಇಡಿ. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಅನ್ನುವ ಪ್ಯಾಕೇಜ್ ಹಾಕಿದರೆ ಭದ್ರತೆಯ ಅಪ್‌ಡೇಟುಗಳು ತಾವಾಗಿ ಬರುತ್ತವೆ. ಲ್ಯಾಪ್‌ಟಾಪ್ ತೀರಾ ಹಳೆಯದು, 32 ಬಿಟ್ ಆಗಿದ್ದರೆ ಮಾತ್ರ ಕಷ್ಟ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅದಕ್ಕೆ ಇನ್‌ಸ್ಟಾಲರ್ ಇಲ್ಲ.

ಯುಎಸ್‌ಬಿ ಕ್ಯಾಮೆರಾ ಆಯ್ದದ್ದು ಜಾಣತನ. ಅದಕ್ಕೆ ತನ್ನದೇ ಐಪಿ ಇಲ್ಲ, ತನ್ನಷ್ಟಕ್ಕೆ ಹೊರಗೆ ಫೋನ್ ಮಾಡುವುದಿಲ್ಲ. ಕಾಯಬೇಕಾದ ಯಂತ್ರ ಒಂದೇ.


ವಾಸ್ಕೋ ವಿಜಾಪುರ

ನೀವೆಲ್ಲಾ ಕಳ್ಳರ ಬಗ್ಗೆನೇ ಮಾತಾಡಾಕತ್ತೀರಿ, ಗೋವಾದ ಕರೆಂಟ್ ಬಗ್ಗೆ ಯಾರೂ ಕೇಳಲಿಲ್ಲ ನೋಡ್ರಿ. ಜೂನ್‌ನಲ್ಲಿ ಒಂದು ತೆಂಗಿನ ಗರಿ ತಂತಿ ಮೇಲೆ ಬಿದ್ದರೆ ರಾತ್ರಿಯಿಡೀ ಕತ್ತಲು. ನಿಮ್ಮ ವಿಪಿಎನ್ ಆಗ ಯಾರನ್ನು ಒಳಗೆ ಕರೆಯುತ್ತದೆ?

ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಅಂತ ಖುಷಿಪಡಬೇಡಿ. ಕರೆಂಟ್ ಹೋದರೆ ಮೊದಲು ಸಾಯುವುದು ಫೈಬರ್ ಡಬ್ಬಿ ಮತ್ತು ರೂಟರ್. ಅವಕ್ಕೆ 12 ವೋಲ್ಟಿನ ಚಿಕ್ಕ ಡಿಸಿ ಯುಪಿಎಸ್ ಸಿಗುತ್ತದೆ. ಎರಡೂ ಬೇರೆ ಬೇರೆ ಡಬ್ಬಿ ಆಗಿದ್ದರೆ ಎರಡಕ್ಕೂ ಕೊಡಬೇಕು, ಒಂದಕ್ಕೇ ಕೊಟ್ಟರೆ ಉಪಯೋಗ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ವರ್ಷವಿಡೀ 100ರಲ್ಲೇ ಇದ್ದರೆ, ಅದೂ ಮುಚ್ಚಿದ ಮನೆಯ ಸೆಕೆಯಲ್ಲಿ, ಊದಿಕೊಳ್ಳುತ್ತದೆ. ಚಾರ್ಜ್ ಮಿತಿ ಇಡಲು ನಿಮ್ಮ ಮಾಡೆಲ್ ಬಿಟ್ಟರೆ 60ಕ್ಕೋ 80ಕ್ಕೋ ನಿಲ್ಲಿಸಿ. ಮುಚ್ಚಳ ಮುಚ್ಚಿದರೆ ನಿದ್ದೆ ಹೋಗದ ಹಾಗೆ ಲಿನಕ್ಸಿನ ಲಾಗಿನ್‌ಡಿ ಸೆಟ್ಟಿಂಗಿನಲ್ಲಿ ಇಗ್ನೋರ್ ಅಂತ ಹಾಕಿ.

ಮಿಂಚು ಇನ್ನೊಂದು. ಮೇ ಕೊನೆಗೆ ಮತ್ತು ಅಕ್ಟೋಬರಿನಲ್ಲಿ ನಮ್ಮಲ್ಲಿ ಗುಡುಗು ಜೋರು. ಫೈಬರ್ ತಂತಿಯಲ್ಲಿ ಮಿಂಚು ಬರಲ್ಲ, ಅದು ಗಾಜು. ಆದರೆ ಅಡಾಪ್ಟರಿನಿಂದ ಬರುತ್ತದೆ, ರೂಟರಿನಿಂದ ಲ್ಯಾಪ್‌ಟಾಪಿಗೆ ಹಾಕಿದ ಲ್ಯಾನ್ ತಂತಿಯಿಂದ ದಾಟುತ್ತದೆ. ಅರ್ಥಿಂಗ್ ಸರಿ ಇಲ್ಲದೆ ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಅದು ಬರೀ ದುಬಾರಿ ಎಕ್ಸ್‌ಟೆನ್ಷನ್ ಬೋರ್ಡ್.

ಮತ್ತೆ ನನಗೊಂದು ಅರ್ಥ ಆಗಲಿಲ್ಲ. ಮಾಡು ಸೋರುವುದನ್ನು ನೋಡಲು ಲೈವ್ ಯಾಕೆ ಬೇಕು? ಸೋರಿಕೆ ಓಡಿ ಹೋಗಲ್ಲ. ಮೋಷನ್‌ನಲ್ಲಿ ಸ್ನ್ಯಾಪ್‌ಶಾಟ್ ಇಂಟರ್ವಲ್ 3600 ಇಡಿ, ಗಂಟೆಗೊಂದು ಫೋಟೊ ತಗೊಳ್ಳುತ್ತದೆ. ದಿನಕ್ಕೆ ಎರಡು ಫೋಟೊ ಟೆಲಿಗ್ರಾಂ ಬಾಟ್‌ನಿಂದ (ತಾನಾಗಿ ಸಂದೇಶ ಕಳಿಸುವ ಖಾತೆ) ಫೋನಿಗೆ ಬರಲಿ. ಹೊರಗಿನಿಂದ ಒಳಗೆ ಯಾರೂ ಬರುವ ಪ್ರಶ್ನೆಯೇ ಇಲ್ಲ. ಫೋಟೊ ಬರಲಿಲ್ಲ ಅಂದರೆ ಕರೆಂಟ್ ಹೋಗಿದೆ ಅಂತ ಅದೂ ಒಂದು ಸುದ್ದಿ.


ಹಿಂಜವಡಿ ನೈಟ್‌ಶಿಫ್ಟ್

ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಮಾತು ಇದೇ ಇರಬೇಕು. ಲೈವ್ ಇಲ್ಲದಿದ್ದರೆ ಅರ್ಧ ತಲೆನೋವು ಇಲ್ಲ. ಒಂದೇ ಎಚ್ಚರಿಕೆ, ಟೆಲಿಗ್ರಾಂ ಬಾಟ್ ಜೊತೆಗಿನ ಮಾತುಕತೆ ತುದಿಯಿಂದ ತುದಿಗೆ ಎನ್‌ಕ್ರಿಪ್ಟ್ ಆಗಿರಲ್ಲ. ಮಾಡಿನ ಫೋಟೊ ಕಳಿಸಿ, ಒಳಕೋಣೆಯದ್ದು ಬೇಡ. ಬಾಟ್‌ನ ಟೋಕನ್ ಯಾರ ಕೈಗೂ ಸಿಗಬಾರದು, ಅದೇ ಪಾಸ್‌ವರ್ಡ್. ಕಾನ್ಫಿಗ್ ಫೈಲನ್ನು ಹಾಗೇ ಗಿಟ್‌ಹಬ್‌ಗೆ ಏರಿಸುವವರು ಇದ್ದಾರೆ, ಅದಕ್ಕೆ ಹೇಳಿದೆ.


ಮುಲುಂಡಿನ ಓದುಗಿ

ಸಾಮಾನ್ಯವಾಗಿ ಬರೀ ಓದಿಕೊಂಡು ಹೋಗುವವಳು ನಾನು. ಈ ಸಲ ಕೇಳಲೇಬೇಕು ಅನಿಸಿತು. ವಾರಕ್ಕೊಮ್ಮೆ ಬರುವ ಅಕ್ಕನಿಗೆ ಹಾಲ್‌ನಲ್ಲಿ ಕ್ಯಾಮೆರಾ ಇದೆ ಅಂತ ಗೊತ್ತಾ?

ಹೊರಗಿನವರು ನೋಡಬಾರದು ಅಂತ ಇಷ್ಟು ಚರ್ಚೆ ಆಯಿತು, ನೋಡುವ ಹಕ್ಕಿದೆ ಅಂದುಕೊಂಡಿರುವ ನಾವು ಏನು ನೋಡಬಹುದು ಅಂತ ಯಾರೂ ಕೇಳಲಿಲ್ಲ. ಖಾಲಿ ಮನೆ ಅಂತ ಆಕೆ ಸೆರಗು ಬಿಗಿದು ನೆಲ ಒರೆಸುತ್ತಾರೆ, ಸೆಕೆಗೆ ಫ್ಯಾನ್ ಕೆಳಗೆ ಸ್ವಲ್ಪ ಒರಗುತ್ತಾರೆ. ಅದು ಮೋಷನ್ ಆಗಿ ರೆಕಾರ್ಡ್ ಆಗುತ್ತದೆ, ಪುಣೆಯಲ್ಲಿ ನಿಮ್ಮ ಫೋನ್ ಟಿಂಗ್ ಅನ್ನುತ್ತದೆ. ಐಟಿ ಕಾಯ್ದೆಯ 66ಇ ಕಲಮು ಒಪ್ಪಿಗೆ ಇಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದಕ್ಕೆ ಮೂರು ವರ್ಷದವರೆಗೆ ಜೈಲು ಹೇಳುತ್ತದೆ. ನಿಮ್ಮದು ಅಷ್ಟಕ್ಕೆ ಹೋಗಲ್ಲ, ನಿಜ. 2025ರಲ್ಲಿ ಕಲ್ಕತ್ತಾ ಹೈಕೋರ್ಟ್ ಒಂದೇ ಮನೆಯಲ್ಲಿರುವ ಅಣ್ಣತಮ್ಮಂದಿರ ತಕರಾರಿನಲ್ಲಿ, ಜೊತೆಗಿರುವವರ ಒಪ್ಪಿಗೆ ಇಲ್ಲದೆ ಮನೆಯೊಳಗೆ ಕ್ಯಾಮೆರಾ ಇಡುವುದು ಖಾಸಗಿತನಕ್ಕೆ ಧಕ್ಕೆ ಅಂದಿತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಕೆಲಸಕ್ಕೆ ಬರುವವರ ವಿಷಯ ಅದಲ್ಲ, ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯುತ್ತದೆ. ಕಾನೂನು ಬಿಡಿ, ಒಂದು ಮಾತು ಹೇಳಿದರೆ ಏನು ಹೋಗುತ್ತದೆ?


ಕೊಥ್ರೂಡ್ ಕಟ್ಟೆ

ಗೊತ್ತಿದೆ. ಕ್ಯಾಮೆರಾ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದಾಗ ಏಣಿ ತಂದುಕೊಟ್ಟವರೇ ಅವರು. ಆದರೆ ಅದು ಯಾವಾಗ ಆನ್, ಎಲ್ಲಿಯವರೆಗೆ ಕಾಣುತ್ತದೆ ಅಂತ ಬಿಡಿಸಿ ಹೇಳಿಲ್ಲ, ಹೇಳುತ್ತೇನೆ. ಮಾಡು ಮತ್ತು ಗೋಡೆಯ ಮೇಲ್ಭಾಗ ಮಾತ್ರ ಕಾಣುವ ಹಾಗೆ ತಿರುಗಿಸಬಹುದು, ನೆಲ ಕಾಣುವ ಅಗತ್ಯವೇ ಇಲ್ಲ. ಹಾಲ್‌ನ ಕ್ಯಾಮೆರಾಕ್ಕೆ ವಾಸ್ಕೋದವರು ಹೇಳಿದ ಹಾಗೆ ಬರೀ ಗಂಟೆಯ ಫೋಟೊ, ಮೋಷನ್ ರೆಕಾರ್ಡಿಂಗ್ ಬಂದ್. ಲೈವ್ ಗೇಟಿಗೆ ಮಾತ್ರ.


ಮುಲುಂಡಿನ ಓದುಗಿ

ಗೇಟಿನದ್ದು ಎದುರು ಮನೆಯವರ ಅಂಗಳಕ್ಕೆ ಹೋಗದ ಹಾಗೆ ನೋಡಿಕೊಳ್ಳಿ. ಮುಂಬೈ ಸೊಸೈಟಿಗಳಲ್ಲಿ ಅರ್ಧ ಜಗಳ ಅದರದ್ದೇ. ಒಬ್ಬರ ಬಾಗಿಲ ಕ್ಯಾಮೆರಾ ಇನ್ನೊಬ್ಬರ ಚಪ್ಪಲಿ ಸ್ಟ್ಯಾಂಡಿನವರೆಗೆ ನೋಡುತ್ತಿರುತ್ತದೆ.


ಮಾಟುಂಗಾ ಮಾರಾಯ

ಸೊಸೈಟಿ ಅಂದಾಗ ನೆನಪಾಯಿತು. ನಮ್ಮ ಬಿಲ್ಡಿಂಗಿನಲ್ಲಿ ಡಿವಿಆರ್ ಪಾಸ್‌ವರ್ಡನ್ನು ವಾಟ್ಸ್ಆ್ಯಪ್ ಗ್ರೂಪಿನಲ್ಲೇ ಹಾಕಿದ್ದಾರೆ, ಮನೆ ಬಿಟ್ಟುಹೋದ ಬಾಡಿಗೆಯವರೂ ಆ ಗ್ರೂಪಿನಲ್ಲಿದ್ದಾರೆ. ಲಿಫ್ಟಿನಲ್ಲಿ ಯಾರು ಯಾರ ಜೊತೆ ಹೋದರು ಅಂತ ಇಡೀ ಊರು ನೋಡಬಹುದು. ಅದನ್ನು ಸರಿಮಾಡುವುದು ಹೇಗೆ? ಮತ್ತೆ ನಮ್ಮ ಅಮ್ಮನ ಮನೆಯಲ್ಲಿ ಆ್ಯಪ್‌ನಲ್ಲಿ ನೋಡುವ ವೈಫೈ ಕ್ಯಾಮೆರಾ ಇದೆ. ಅದನ್ನೂ ಎಸೆಯಬೇಕಾ?


ಡೊಂಬಿವಲಿ ಫಾಸ್ಟ್

ಎಸೆಯುವುದೇನೂ ಬೇಡ. ಅಂಥ ಕ್ಯಾಮೆರಾ ಕಂಪನಿಯ ಸರ್ವರಿಗೆ ತಾನೇ ಹೋಗಿ ಕೂರುತ್ತದೆ, ಆ್ಯಪ್ ಅಲ್ಲಿಂದ ನೋಡುತ್ತದೆ. ಹಾಗಾಗಿ ಎಲ್ಲವೂ ಆ ಖಾತೆಯ ಮೇಲೆ ನಿಂತಿದೆ. ಬೇರೆಲ್ಲೂ ಬಳಸದ ಪಾಸ್‌ವರ್ಡ್, ಎರಡು ಹಂತದ ಲಾಗಿನ್, ಫರ್ಮ್‌ವೇರ್ ಅಪ್‌ಡೇಟ್. ರೂಟರಿನಲ್ಲಿ ಗೆಸ್ಟ್ ವೈಫೈ ಮಾಡಿ ಕ್ಯಾಮೆರಾವನ್ನು ಅದರಲ್ಲಿಡಿ, ನಾಳೆ ಅದು ಕೆಟ್ಟರೂ ಅಮ್ಮನ ಲ್ಯಾಪ್‌ಟಾಪಿಗೆ ಕೈ ತಾಗದು. ಹೊಸದು ಕೊಳ್ಳುವುದಾದರೆ ಸರ್ಕಾರದ ಎಸ್‌ಟಿಕ್ಯೂಸಿ ಸಂಸ್ಥೆಯ ಪರೀಕ್ಷೆ ಆದದ್ದನ್ನೇ ಕೇಳಿ. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರ ಭದ್ರತೆಯ ಪರೀಕ್ಷೆ ಕಡ್ಡಾಯ ಮಾಡಿದೆ.

ಸೊಸೈಟಿಯದ್ದು ತಾಂತ್ರಿಕ ಸಮಸ್ಯೆ ಅಲ್ಲ ಮಾರಾಯ್ರೆ, ಅದು ಕಮಿಟಿ ಮೀಟಿಂಗಿನ ಸಮಸ್ಯೆ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ ಕಾರ್ಯದರ್ಶಿ ಒಬ್ಬರ ಹತ್ತಿರ ಇರಲಿ. ವಾಚ್‌ಮನ್‌ಗೆ ಗೇಟ್ ಮಾತ್ರ ಕಾಣುವ ಬೇರೆ ಯೂಸರ್. ಬೇರೆ ಯಾರಿಗಾದರೂ ಬೇಕಿದ್ದರೆ ಬರೆದುಕೊಟ್ಟು ಕೇಳಲಿ.


ಕೊಥ್ರೂಡ್ ಕಟ್ಟೆ

ಟೈಲ್‌ಸ್ಕೇಲ್ ಹಾಕಿದೆ, ಕೆಲಸ ಮಾಡುತ್ತಿದೆ! ಲ್ಯಾಪ್‌ಟಾಪಿನ ಹೆಸರು ಗಿರಮಿಟ್. ಪುಣೆಯಲ್ಲಿ ಬ್ರಾಡ್‌ಬ್ಯಾಂಡಿನಿಂದ ನೋಡಿದರೆ ಚೆನ್ನಾಗಿದೆ, ಮೊಬೈಲ್ ಡೇಟಾದಲ್ಲಿ ಮಾತ್ರ ತಡೆತಡೆದು ಬರುತ್ತದೆ. ರಿಲೇ ಮೂಲಕ ಹೋಗುತ್ತಿದೆ ಅಂತ ತೋರಿಸುತ್ತದೆ. 720ಪಿ, ಸೆಕೆಂಡಿಗೆ 10 ಫ್ರೇಮ್ ಇಟ್ಟಿದ್ದೇನೆ.


ಹಿಂಜವಡಿ ನೈಟ್‌ಶಿಫ್ಟ್

ಮೋಷನ್ ಕಳಿಸುವುದು ಎಂಜೆಪೆಗ್, ಅಂದರೆ ಪ್ರತಿ ಫ್ರೇಮೂ ಒಂದು ಪೂರ್ತಿ ಫೋಟೊ. ಒಂದು ಫ್ರೇಮ್ 80 ಕಿಲೋಬೈಟ್ ಅಂದುಕೊಳ್ಳಿ. 10 ಫ್ರೇಮಿಗೆ ಸೆಕೆಂಡಿಗೆ 800 ಕಿಲೋಬೈಟ್, ಅಂದರೆ 6.4 ಮೆಗಾಬಿಟ್. ಗೇಟು ಅಲುಗಾಡದೆ ನಿಂತಿದ್ದರೂ ಅಷ್ಟೇ ಹರಿಯುತ್ತದೆ. ಎಚ್.264 ಆದರೆ ಬದಲಾದ ಭಾಗವನ್ನಷ್ಟೇ ಕಳಿಸುವುದರಿಂದ ಅದರ ಒಂದು ಪಾಲಿನಲ್ಲಿ ಮುಗಿಯುತ್ತದೆ. ಗೋ2ಆರ್‌ಟಿಸಿ ಅನ್ನುವ ಸಾಫ್ಟ್‌ವೇರ್ ಹಾಕಿ ಹಾಗೆ ಪರಿವರ್ತಿಸಬಹುದು, ಆದರೆ ಹಳೇ ಲ್ಯಾಪ್‌ಟಾಪ್ ಅದಕ್ಕೆ ಬೆವರುತ್ತದೆ. ಗೇಟು ನೋಡಲು ಸೆಕೆಂಡಿಗೆ 2 ಫ್ರೇಮ್, 640x480 ಸಾಕಲ್ವಾ? ಸ್ಟ್ರೀಮಿನ ಗುಣಮಟ್ಟ ಕಡಿಮೆ ಮಾಡಿ, ಉಳಿಸುವ ಫೋಟೊದ ಗುಣಮಟ್ಟ ಹಾಗೇ ಇರಲಿ. ಎರಡಕ್ಕೂ ಬೇರೆ ಬೇರೆ ಸಾಲು ಇದೆ ಕಾನ್ಫಿಗ್‌ನಲ್ಲಿ.

ಗೇಟಿನ ಕಡೆ ಮರ ಇದ್ದರೆ ಗಾಳಿಗೆ ಎಲೆ ಅಲುಗಾಡಿದ್ದಕ್ಕೆಲ್ಲ ಮೋಷನ್ ಎಚ್ಚರಿಕೆ ಬರುತ್ತದೆ. ಮಳೆ ಹನಿಗೂ. ಒಂದು ಮಾಸ್ಕ್ ಚಿತ್ರ ಮಾಡಿ, ಪಿಜಿಎಂ ಫಾರ್ಮ್ಯಾಟಿನಲ್ಲಿ, ಗಮನಿಸಬೇಕಾದ ಜಾಗ ಬಿಳಿ, ಮರದ ಜಾಗ ಕಪ್ಪು.


ಕೊಥ್ರೂಡ್ ಕಟ್ಟೆ

ಬೇಲಿಯ ಮೇಲೆ ಪೂರ್ತಿ ದಾಸವಾಳ. ಕಪ್ಪು ಬಳಿಯುತ್ತೇನೆ.

ಅಂಧೇರಿಯಲ್ಲಿರುವ ತಮ್ಮನಿಗೂ ಗೇಟ್ ತೋರಿಸಬೇಕು. ನನ್ನ ಖಾತೆಯ ಪಾಸ್‌ವರ್ಡ್ ಕೊಡದೆ ಆಗುತ್ತದಾ?


ಡೊಂಬಿವಲಿ ಫಾಸ್ಟ್

ಖಂಡಿತ ಕೊಡಬೇಡಿ. ಅವರು ತಮ್ಮದೇ ಖಾತೆ ಮಾಡಿಕೊಳ್ಳಲಿ, ನೀವು ಆ ಒಂದು ಯಂತ್ರವನ್ನು ಮಾತ್ರ ಶೇರ್ ಮಾಡಿ. ಜೊತೆಗೆ ಆಕ್ಸೆಸ್ ನಿಯಮ ನೋಡಿ, ಡೀಫಾಲ್ಟ್ ಆಗಿ ಎಲ್ಲರೂ ಎಲ್ಲ ಕಡೆ ಹೋಗಬಹುದು ಅಂತ ಇರುತ್ತದೆ. ತಮ್ಮನಿಗೆ ಎಚ್‌ಟಿಟಿಪಿಎಸ್‌ನ 443 ಪೋರ್ಟ್ ಮಾತ್ರ ಬಿಡಿ, ಎಸ್‌ಎಸ್‌ಎಚ್ ಬೇಡ. ಆತ ಫೋನ್ ಕಳೆದುಕೊಂಡ ದಿನ ನೀವು ಒಂದು ಬಟನ್ ಒತ್ತಿ ಆ ದಾರಿ ಮುಚ್ಚಬಹುದು.

ಮರೆಯುವ ಮೊದಲು ಇನ್ನೊಂದು. ಟೈಲ್‌ಸ್ಕೇಲಿನಲ್ಲಿ ಪ್ರತಿ ಸಾಧನದ ಕೀಲಿಗೆ ಡೀಫಾಲ್ಟ್ ಆಗಿ 180 ದಿನದ ಅವಧಿ. ನೀವು ಫೆಬ್ರವರಿಯಲ್ಲಿ ಹಾಕಿದರೆ ಆಗಸ್ಟಿನ ಮಳೆಯಲ್ಲಿ ಗಿರಮಿಟ್ ಸದ್ದಿಲ್ಲದೆ ಹೊರಗೆ ಬೀಳುತ್ತದೆ, ಮತ್ತೆ ಲಾಗಿನ್ ಮಾಡಲು ಅಲ್ಲಿಗೇ ಹೋಗಬೇಕಾಗಬಹುದು. ಅಡ್ಮಿನ್ ಪುಟದಲ್ಲಿ ಆ ಲ್ಯಾಪ್‌ಟಾಪಿಗೆ ಮಾತ್ರ ಕೀ ಎಕ್ಸ್‌ಪೈರಿ ಆಫ್ ಮಾಡಿ. ಫೋನಿಗೆ ಇರಲಿ, ಫೋನ್ ಕಳೆಯುವ ವಸ್ತು.


ವಾಸ್ಕೋ ವಿಜಾಪುರ

ನಾನೂ ಹಾಕೋಣ ಅಂತಿದ್ದೇನೆ, ಲ್ಯಾಪ್‌ಟಾಪ್ ಇಲ್ಲ, ರಾಸ್ಪ್‌ಬೆರಿ ಪೈ 4 ಅನ್ನುವ ಚಿಕ್ಕ ಕಂಪ್ಯೂಟರ್ ಇದೆ. ನೈಟ್‌ಶಿಫ್ಟ್ ಹೇಳಿದ ಸ್ವಂತ ವೈರ್‌ಗಾರ್ಡ್ ಮಾಡಿದರೆ ಕರೆಂಟ್ ಹೋಗಿ ಬಂದ ಮೇಲೆ ತಾನೇ ಜೋಡಿಸಿಕೊಳ್ಳುತ್ತದಾ?


ಹಿಂಜವಡಿ ನೈಟ್‌ಶಿಫ್ಟ್

ಸಾಮಾನ್ಯವಾಗಿ ಹೌದು, ಒಂದು ತೊಡಕಿದೆ. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಬಂದಾಗ ಅದು ಹಳೇ ಸಮಯದಿಂದ ಶುರುಮಾಡುತ್ತದೆ. ವೈರ್‌ಗಾರ್ಡ್ ಹ್ಯಾಂಡ್‌ಶೇಕಿನಲ್ಲಿ ಸಮಯದ ಮುದ್ರೆ ಇರುತ್ತದೆ, ಹಿಂದಿನ ಸಲಕ್ಕಿಂತ ಹಳೆಯದು ಬಂದರೆ ಯಾರೋ ಹಳೇ ಪ್ಯಾಕೆಟ್ ತಿರುಗಿ ಕಳಿಸಿದ್ದಾರೆ ಅಂತ ಸರ್ವರ್ ತಳ್ಳಿಹಾಕುತ್ತದೆ. ಇಂಟರ್ನೆಟ್ಟಿನಿಂದ ಸಮಯ ತರುವ ಎನ್‌ಟಿಪಿಯಿಂದ ಸಮಯ ಸರಿಯಾಗುವವರೆಗೆ ಸಂಪರ್ಕ ಬರಲ್ಲ. ಎನ್‌ಟಿಪಿ ಟನಲ್ ಒಳಗಿಂದಲೇ ಹೋಗುವ ಹಾಗೆ ರೂಟ್ ಮಾಡಿದ್ದರಂತೂ ಕೋಳಿ ಮೊದಲೋ ಮೊಟ್ಟೆ ಮೊದಲೋ ಅಂತ ಅಲ್ಲೇ ಕೂರುತ್ತದೆ. ಹಾಗಾಗಿ ಯಾವ ವಿಳಾಸಗಳು ಟನಲ್ ಮೂಲಕ ಹೋಗಬೇಕು ಅಂತ ಹೇಳುವ ಅಲೋಡ್ ಐಪಿಯಲ್ಲಿ ಎಲ್ಲವನ್ನೂ ಸೇರಿಸಬೇಡಿ, ಟನಲ್ಲಿನ ಚಿಕ್ಕ ಸಾಲು ಮಾತ್ರ ಇಡಿ. ಇಲ್ಲವೇ ಬ್ಯಾಟರಿ ಗಡಿಯಾರ ಇರುವ ಒಂದು ಆರ್‌ಟಿಸಿ ಮಾಡ್ಯೂಲ್ ಹಾಕಿ, ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತದೆ.

ಎಸ್‌ಡಿ ಕಾರ್ಡಿಗೆ ಬಿಡದೆ ಬರೆದರೆ ಅದೂ ಬೇಗ ಸಾಯುತ್ತದೆ. ತಾತ್ಕಾಲಿಕ ಫೋಟೊಗಳಿಗೆ ಟೆಂಪ್‌ಎಫ್‌ಎಸ್ (ಮೆಮೊರಿಯಲ್ಲೇ ಇರುವ ಜಾಗ), ಉಳಿಸುವಂಥದ್ದಕ್ಕೆ ಯುಎಸ್‌ಬಿ ಎಸ್‌ಎಸ್‌ಡಿ.


ವಾಸ್ಕೋ ವಿಜಾಪುರ

ಲ್ಯಾಮಿಂಗ್ಟನ್ ರೋಡಿಗೆ ಯಾರಾದರೂ ಈ ವಾರ ಹೋಗುವವರಿದ್ದರೆ ಎರಡು ತಂದಿಡ್ರಿ. ದುಡ್ಡು ಯುಪಿಐ ಮಾಡುತ್ತೇನೆ, ಡಬ್ಬಿ ಮಡಗಾಂವ್ ಸ್ಟೇಷನ್‌ನಲ್ಲಿ ತಗೊಳ್ಳುತ್ತೇನೆ.


ಮಾಟುಂಗಾ ಮಾರಾಯ

ಶನಿವಾರ ನಾನೇ ಹೋಗ್ತೇನೆ. ಭಾನುವಾರ ಮತ್ಸ್ಯಗಂಧದಲ್ಲಿ ಊರಿಗೆ ಹೊರಟಿದ್ದೇನೆ, ಮಡಗಾಂವ್‌ನಲ್ಲಿ ಬಾಗಿಲ ಹತ್ತಿರ ನಿಂತಿರಿ, ಮಧ್ಯರಾತ್ರಿ ಆಗ್ತದೆ. ಮಾಡ್ಯೂಲಿನ ಹೆಸರು ಬರೆದು ಕಳಿಸಿ.


ಹಿಂಜವಡಿ ನೈಟ್‌ಶಿಫ್ಟ್

ಡಿಎಸ್3231. ಡಿಎಸ್1307 ಕೊಟ್ಟರೆ ಬೇಡ ಅನ್ನಿ, ಅದು ಸೆಕೆಗೆ ಸಮಯ ತಪ್ಪುತ್ತದೆ.